ಒಂದು ಒತ್ತಕ್ಷರ ತಿದ್ದೋಕೆ ಎಷ್ಟು ದೂರ ಹೋಗಬೇಕು?

ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೆಮ್ಮನ್ನೂ ಮೈಕ್ ಕೈಕೊಟ್ಟ ಐದು ನಿಮಿಷವನ್ನೂ ಬಿಟ್ಟಿದ್ದೇನೆ.

ಪರದೆ ಎಲ್ಲರಿಗೂ ಕಾಣಿಸ್ತಿದೆಯಾ? ಹಿಂದಿನ ಬೆಂಚಿನವರಿಗೆ? ಸರಿ. ಈ ಕಪ್ಪು ಕಿಟಕಿ ಇರುವುದು ನನ್ನ ಲ್ಯಾಪ್‌ಟಾಪ್‌ನಲ್ಲಿ. ಆದರೆ ಅದರೊಳಗೆ ಓಡುತ್ತಿರುವುದು ಅಮೆರಿಕದ ವರ್ಜೀನಿಯಾದಲ್ಲಿರುವ ಒಂದು ಬಾಡಿಗೆ ಸರ್ವರ್. ಅಲ್ಲಿ ಒಂದು ಕನ್ನಡ ಫೈಲ್ ತೆರೆದಿದ್ದೇನೆ. ಮೊದಲ ಸಾಲನ್ನು ಯಾರಾದರೂ ಓದಿ ನೋಡೋಣ.

ಆಗುತ್ತಿಲ್ಲ, ಅಲ್ವಾ? ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಮುನಿಸಿಕೊಂಡು ಕೂತಿದೆ. ಏತ್ವ ಇನ್ಯಾರದೋ ತಲೆಯ ಮೇಲಿದೆ. ಕರ್ಸರ್ ಒಂದು ಕಡೆ ನಿಂತಿದೆ, ಅಕ್ಷರ ಬೀಳುವುದು ಇನ್ನೊಂದು ಕಡೆ. ಇದು ಸರ್ವರಿನ ತಪ್ಪಲ್ಲ, ಫಾಂಟಿನ ತಪ್ಪೂ ಅಲ್ಲ. ಈ ಕಪ್ಪು ಕಿಟಕಿಗೆ ಟರ್ಮಿನಲ್ ಅಂತ ಹೆಸರು. ಅದು ಚೌಕಳಿ ಹಾಳೆ ಇದ್ದ ಹಾಗೆ. ಒಂದು ಮನೆಗೆ ಒಂದು ಅಕ್ಷರ ಅಂತ ಲೆಕ್ಕ. ಇಂಗ್ಲಿಷಿಗೆ ಅದು ಒಪ್ಪುತ್ತದೆ. ನಮ್ಮ ಅಕ್ಷರಗಳು ಒಂದರ ಕೆಳಗೊಂದು, ಒಂದರ ಪಕ್ಕಕ್ಕೊಂದು ಅಂಟಿಕೊಂಡು ಸಂಸಾರ ಮಾಡುವಂಥವು. ಅವಕ್ಕೆ ಎಷ್ಟು ಮನೆ ಕೊಡಬೇಕು ಅನ್ನುವುದರಲ್ಲಿ ಟರ್ಮಿನಲ್‌ಗೂ ಅದರೊಳಗೆ ಫೈಲ್ ತಿದ್ದುವ ಎಡಿಟರ್‌ಗೂ ಒಮ್ಮತವೇ ಇಲ್ಲ.

ಈಗ ಇದೇ ಫೈಲನ್ನು ನನ್ನ ಲ್ಯಾಪ್‌ಟಾಪ್‌ನ ಎಡಿಟರ್‌ನಲ್ಲಿ ತೆರೆಯುತ್ತೇನೆ. ನೋಡಿ, ಚೆನ್ನಾಗಿ ಓದಬಹುದು. "ನಮ್ಮ ಸಂಸ್ತೆಯ ವಾರ್ಷಿಕ ಸಭೆಗೆ ಎಲ್ಲರಿಗೂ ಸ್ವಾಗತ." ಓದಲು ಬಂದ ಕೂಡಲೇ ತಪ್ಪೂ ಕಂಡಿತು. "ಸಂಸ್ತೆ" ಅಲ್ಲ, "ಸಂಸ್ಥೆ". ತಕಾರದ ಒತ್ತಿನ ಬದಲು ಥಕಾರದ ಒತ್ತು ಬೇಕು. ಕಪ್ಪು ಕಿಟಕಿಯಲ್ಲಿ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಈ ತಪ್ಪು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕೋಣ. ಕನ್ನಡದ ಯೂನಿಕೋಡ್ ಸಂಕೇತಗಳನ್ನು ಯುಟಿಎಫ್-8 ಎಂಬ ಪದ್ಧತಿಯಲ್ಲಿ ಉಳಿಸಿದರೆ ಒಂದೊಂದು ಸಂಕೇತಕ್ಕೆ 3 ಬೈಟ್. ಸ, ಸೊನ್ನೆ, ಮತ್ತೆ ಸ, ಒತ್ತು ಬರಿಸುವ ಹಲಂತ ಚಿಹ್ನೆ, ಥ, ಎತ್ವ. ಕಣ್ಣಿಗೆ ಕಾಣುವುದು ಎರಡೇ ಅಕ್ಷರ, ಒಳಗಿರುವುದು 6 ಸಂಕೇತ, 18 ಬೈಟ್. ತ ಅಂದರೆ 224, 178, 164 ಎಂಬ ಮೂರು ಬೈಟ್. ಥ ಅಂದರೆ 224, 178, 165. ಬರೀ ಕೊನೆಯ ಬೈಟ್ ಒಂದು ಹೆಚ್ಚಾಗಬೇಕು, ಅಷ್ಟೇ. ಕಂಪ್ಯೂಟರ್ ಬರೆಯುವ 0, 1ಗಳ ಲೆಕ್ಕದಲ್ಲಿ 164ನ್ನು 165 ಮಾಡಲು ಕೊನೆಯ 0 ಹೋಗಿ 1 ಆದರೆ ಸಾಕು. ಅಂದರೆ ಒಂದು ಬಿಟ್. ಹದಿನಾಲ್ಕು ಸಾವಿರ ಕಿಲೋಮೀಟರ್ ದೂರದಲ್ಲಿರುವ ಡಿಸ್ಕಿನಲ್ಲಿ ಒಂದೇ ಒಂದು ಬಿಟ್ ತಿರುಗಿಸಬೇಕು. ಅದಕ್ಕೆ ಏನೇನು ಸರ್ಕಸ್ ಮಾಡಿದ್ದಾರೆ ಅನ್ನುವುದೇ ಇವತ್ತಿನ ಮಾತು.

ಶುರುವಿನಲ್ಲಿ ಎಡಿಟರ್ ಕೂಡ ಫೈಲ್ ಇದ್ದಲ್ಲೇ ಇರುತ್ತಿತ್ತು. ನಿಮ್ಮ ಹತ್ತಿರ ಇದ್ದದ್ದು ಕೀಲಿಮಣೆ, ಪರದೆ ಮತ್ತು ಒಂದು ಫೋನ್ ತಂತಿ. ಬಿಲ್ ಜಾಯ್ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1976ರ ಆಸುಪಾಸಿನಲ್ಲಿ, ವಿಐ ಎಂಬ ಎಡಿಟರ್ ಬರೆದ. ಬಳಸುತ್ತಿದ್ದದ್ದು 300 ಬಾಡ್ ಮೋಡೆಮ್. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಅಕ್ಷರದ 24 ಸಾಲು ಅಂದರೆ 1920 ಅಕ್ಷರ. ಒಂದು ಪರದೆ ತುಂಬಲು ಒಂದು ನಿಮಿಷದ ಮೇಲೆ 4 ಸೆಕೆಂಡ್. ಪುಟ ತಿರುಗಿಸಿ ಕಾಫಿ ಬೆರೆಸಿಕೊಂಡು ಬರಬಹುದಿತ್ತು.

ವಿಐ ಯಾಕೆ ಅಷ್ಟು ಮಾತು ಕಮ್ಮಿ ಅಂತ ನಿಮಗೆ ಈಗ ಗೊತ್ತಾಗಿರಬೇಕು. ಡಿ ಅಂತ ಎರಡು ಸಲ ಒತ್ತಿದರೆ ಒಂದು ಸಾಲು ಮಾಯ. ಆರ್ ಒತ್ತಿ ಇನ್ನೊಂದು ಅಕ್ಷರ ಒತ್ತಿದರೆ ಹಳೆಯದು ಹೋಗಿ ಹೊಸದು. ಕೇಳಿದ್ದಕ್ಕಷ್ಟೇ ಉತ್ತರ. ಕರ್ಸರ್ ಓಡಿಸಲು ಎಚ್, ಜೆ, ಕೆ, ಎಲ್ ಬಳಸುತ್ತಾರಲ್ಲ, ಅದರಲ್ಲಿ ತಪಸ್ಸು ಏನೂ ಇಲ್ಲ. ಬಿಲ್ ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳನ್ನು ಆ ನಾಲ್ಕು ಕೀಲಿಗಳ ಮೇಲೆಯೇ ಅಚ್ಚು ಹಾಕಿದ್ದರು.

ನಮ್ಮ ಈ ಫೈಲ್ ಸುಮಾರು 40 ಸಾವಿರ ಬೈಟ್ ಇದೆ. ಆ ತಂತಿಯಲ್ಲಿ ಇದನ್ನು ಮನೆಗೆ ತರಿಸಿಕೊಳ್ಳಲು 22 ನಿಮಿಷ ಬೇಕಿತ್ತು. ತಿದ್ದಿ ವಾಪಸ್ ಕಳಿಸಲು ಇನ್ನೊಂದು 22. ಒಂದು ಬಿಟ್‌ಗೋಸ್ಕರ! ಹಾಗಾಗಿ ಆಗ ಫೈಲ್ ಅಲ್ಲೇ ಇರಲಿ, ಬರೀ ಕೀಲಿಯ ಒತ್ತು ಹೋಗಲಿ ಅಂದದ್ದು ಸರಿಯೇ.

ಇವತ್ತು? ಸಾಧಾರಣ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ 40 ಸಾವಿರ ಬೈಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಆದರೆ ಒಂದು ಬೈಟ್ ಕಳಿಸಿ ಉತ್ತರ ಪಡೆಯುವ ಸಮಯ ಮಾತ್ರ ಆ ಪ್ರಮಾಣದಲ್ಲಿ ಇಳಿದಿಲ್ಲ. ಇಳಿಯುವುದೂ ಇಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಇಲ್ಲಿಂದ ವರ್ಜೀನಿಯಾಕ್ಕೆ ಹೋಗಿ ಬರಲು 28 ಸಾವಿರ ಕಿಲೋಮೀಟರ್. ತಂತಿ ನೆಟ್ಟಗೆ ಇದ್ದರೂ 140 ಮಿಲಿಸೆಕೆಂಡ್ ಬೇಕೇ ಬೇಕು. ತಂತಿ ಸಮುದ್ರದಡಿ ಸುತ್ತಿ ಬಳಸಿ ಹೋಗುತ್ತದೆ, ಹಾಗಾಗಿ ನನಗೆ ಸಿಗುವುದು 230ರ ಹತ್ತಿರ. ಯಾವ ಕಂಪನಿಗೆ ಎಷ್ಟು ಜಾಸ್ತಿ ದುಡ್ಡು ಕೊಟ್ಟರೂ ಬೆಳಕು ಅವಸರ ಮಾಡುವುದಿಲ್ಲ.

ಬೈಟು ಅಗ್ಗವಾಗಿದೆ, ಹೋಗಿಬರುವ ಸುತ್ತು ದುಬಾರಿಯಾಗಿದೆ. ಇಷ್ಟು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಕೀಲಿ ಒತ್ತಿದ್ದು ತಕ್ಷಣ ಕಾಣಬೇಕು ಅಂದರೆ ಎಡಿಟರ್ ನನ್ನ ತೊಡೆಯ ಮೇಲೇ ಇರಬೇಕು. ಫೈಲ್ ಎಲ್ಲಾದರೂ ಇರಲಿ, ಉಳಿಸಿದಾಗ ಮಾತ್ರ ಪ್ರಯಾಣ ಮಾಡಲಿ.

ಇದಕ್ಕೆ ಎಲ್ಲಕ್ಕಿಂತ ಹಳೆಯ ದಾರಿ ಎಫ್‌ಟಿಪಿ, ಅಂದರೆ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವ ಪದ್ಧತಿ. 1971ರಲ್ಲಿ ಅದರ ಮೊದಲ ಕರಡು ಬರೆದವರು ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ಬ್ಯಾಚಿನಲ್ಲಿ ಓದಿ ಎಂಐಟಿಗೆ ಹೋದವರು. ಇಳಿಸು, ತಿದ್ದು, ಏರಿಸು. ನಮ್ಮ ಪೀಳಿಗೆಯವರು ವೆಬ್‌ಸೈಟ್ ಮಾಡಲು ಕಲಿತದ್ದೆಲ್ಲ ಹೀಗೇ. ಎಡಗಡೆ ನಮ್ಮ ಫೈಲ್, ಬಲಗಡೆ ಸರ್ವರಿನ ಫೈಲ್. ಬಲಗಡೆಯದನ್ನು ತಿದ್ದಬೇಕು ಅಂದರೆ ತಾತ್ಕಾಲಿಕ ಪ್ರತಿಯೊಂದು ನಮ್ಮ ಎಡಿಟರ್‌ನಲ್ಲಿ ತೆರೆದುಕೊಳ್ಳುತ್ತದೆ. ಉಳಿಸಿದರೆ ಸಾಫ್ಟ್‌ವೇರ್ ಅದನ್ನು ಗಮನಿಸಿ ವಾಪಸ್ ಏರಿಸುತ್ತದೆ. ಫೈಲ್‌ಝಿಲ್ಲಾ, ವಿನ್‌ಎಸ್‌ಸಿಪಿ ಇವತ್ತಿಗೂ ಮಾಡುವುದು ಇದನ್ನೇ.

ಈ ದಾರಿಯಲ್ಲಿ ನಾನು ಒಂದು ಸಲ ಚೆನ್ನಾಗಿ ಮುಗ್ಗರಿಸಿದೆ. ಸಾಗರದಲ್ಲಿದ್ದೆ, ಮಳೆಗಾಲ. ಒಂದು ಸಂಸ್ಥೆಯ ಪುಟದಲ್ಲಿ ಅರ್ಜಿಯ ಕೊನೆಯ ದಿನಾಂಕ ಬದಲಿಸಬೇಕಿತ್ತು. ಬದಲಿಸಿದೆ, ಉಳಿಸಿದೆ, ಏರಲು ಶುರುವಾಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಮಲೆನಾಡಿನ ಜುಲೈ ತಿಂಗಳ ಕರೆಂಟ್, ಗೊತ್ತಲ್ಲ? ಬಂದದ್ದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೂ ಇಡೀ ಊರಿಗೆ ಕಾಣುತ್ತಿದ್ದ ಪುಟ "ಅರ್ಜಿ ಸಲ್ಲಿಸಲು ಕೊನೆಯ ದಿ" ಅನ್ನುವಲ್ಲಿಗೆ ನಿಂತಿತ್ತು. ಅದರ ಪಕ್ಕದಲ್ಲಿ ಕಪ್ಪು ವಜ್ರದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ. "ನ" ಅಕ್ಷರದ ಮೂರು ಬೈಟ್‌ನಲ್ಲಿ ಎರಡು ಮಾತ್ರ ತಲುಪಿದ್ದವು.

ಏನಾಗಿತ್ತು ಅಂದರೆ, ಸರ್ವರ್ ಮೊದಲು ಹಳೆಯ ಫೈಲನ್ನು ಖಾಲಿ ಮಾಡಿ, ಆಮೇಲೆ ಬಂದಷ್ಟನ್ನು ತುಂಬುತ್ತಾ ಹೋಗಿತ್ತು. ಬರುವುದು ನಿಂತಾಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ಸರಿಯಾದ ಕ್ರಮ ಬೇರೆ. ಹೊಸದನ್ನು ಬೇರೆ ಹೆಸರಿನಲ್ಲಿ ಪೂರ್ತಿ ಏರಿಸಬೇಕು, ಪೂರ್ತಿ ಬಂದ ಮೇಲೆ ಹಳೆಯ ಹೆಸರಿಗೆ ಬದಲಿಸಬೇಕು. ಸರ್ವರುಗಳಲ್ಲಿ ಇರುವ ಯುನಿಕ್ಸ್, ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದೇ ಡಿಸ್ಕಿನೊಳಗೆ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುತ್ತದೆ. ನೋಡುವವನಿಗೆ ಹಳೆಯದು ಕಾಣಬೇಕು, ಇಲ್ಲವೇ ಹೊಸದು. ಅರ್ಧಂಬರ್ಧ ಕಾಣುವುದಿಲ್ಲ. ಇದಕ್ಕೂ ಒಂದು ತಕರಾರು ಇದೆ. ಹೊಸ ಫೈಲ್ ಅಂದರೆ ಹೊಸ ಯಜಮಾನ. ಹಳೆಯ ಫೈಲಿನ ಒಡೆತನ, ಅನುಮತಿ ಕಳೆದುಹೋಗಿ ವೆಬ್ ಸರ್ವರ್‌ಗೆ ಅದನ್ನು ಓದಲು ಬರದೇ ಹೋಗಬಹುದು. ನಿಮ್ಮ ಎಡಿಟರ್ ಎರಡರಲ್ಲಿ ಯಾವುದನ್ನು ಮಾಡುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ. ವಿಐಯ ಈಗಿನ ರೂಪವಾದ ವಿಮ್‌ನಲ್ಲಿ ಇದಕ್ಕೆ ಬ್ಯಾಕಪ್‌ಕಾಪಿ ಅಂತ ಒಂದು ಆಯ್ಕೆಯೇ ಇದೆ.

ಕಣ್ಣಿಗೆ ಕಾಣದ ಇನ್ನೆರಡು ತೊಂದರೆ ಹೇಳಿ ಮುಂದೆ ಹೋಗುತ್ತೇನೆ. ವಿಂಡೋಸ್ ಸಾಲಿನ ಕೊನೆಯಲ್ಲಿ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದೇ. ಸ್ಕ್ರಿಪ್ಟ್ ಒಂದನ್ನು ವಿಂಡೋಸ್‌ನಲ್ಲಿ ತಿದ್ದಿ ಏರಿಸಿದಿರಿ ಅಂತಿಟ್ಟುಕೊಳ್ಳಿ. ಅದನ್ನು ಓಡಿಸುವ ಪ್ರೋಗ್ರಾಂನ ಹೆಸರು ಮೊದಲ ಸಾಲಿನಲ್ಲಿ ಇರುತ್ತದೆ. ಆ ಸಾಲಿನ ಕೊನೆಗೆ ಅಂಟಿದ ಹೆಚ್ಚಿನ ಗುರುತನ್ನೂ ಲಿನಕ್ಸ್ ಹೆಸರಿನ ಭಾಗ ಅಂದುಕೊಂಡು, "ಅಂಥ ಪ್ರೋಗ್ರಾಂ ಇಲ್ಲ" ಅನ್ನುತ್ತದೆ. ನೀವು ನೋಡಿದರೆ ಹೆಸರು ಸರಿಯಾಗೇ ಇರುತ್ತದೆ. ವಿಂಡೋಸ್‌ನ ನೋಟ್‌ಪ್ಯಾಡ್ ಲಿನಕ್ಸ್ ಮಾದರಿಯ ಸಾಲುಗಳನ್ನು ಸರಿಯಾಗಿ ತೋರಿಸಲು ಕಲಿತದ್ದೇ 2018ರಲ್ಲಿ. ಇನ್ನೊಂದು ಬಿಒಎಂ, ಅಂದರೆ ಇದು ಯೂನಿಕೋಡ್ ಫೈಲ್ ಅನ್ನುವ ಗುರುತು. ಫೈಲಿನ ತಲೆಗೆ 239, 187, 191 ಅಂತ ಮೂರು ಬೈಟ್ ಅಂಟಿಸುತ್ತಾರೆ. ಒಂದು ಕನ್ನಡ ಸಂಕೇತದಷ್ಟೇ ಗಾತ್ರ, ಆದರೆ ಕಾಣುವುದಿಲ್ಲ. ವೆಬ್ ಪುಟಗಳಿಗೆ ಪಿಎಚ್‌ಪಿ ಭಾಷೆಯಲ್ಲಿ ಕೋಡ್ ಬರೆಯುವವರು ಇದರಿಂದ ರಾತ್ರಿಗಟ್ಟಲೆ ನಿದ್ದೆ ಕೆಟ್ಟಿದ್ದಾರೆ.

ಎಫ್‌ಟಿಪಿಯ ದೊಡ್ಡ ದೋಷ ಇದ್ಯಾವುದೂ ಅಲ್ಲ. ಅದು ಪಾಸ್‌ವರ್ಡನ್ನು ಅಂಚೆ ಕಾರ್ಡಿನಲ್ಲಿ ಬರೆದ ಹಾಗೆ ಬಿಚ್ಚಿಟ್ಟು ಕಳಿಸುತ್ತಿತ್ತು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಹೀಗೆ ಪಾಸ್‌ವರ್ಡ್ ಕದ್ದರು. ಅದನ್ನು ನೋಡಿ ಅಲ್ಲಿದ್ದ ತಾತು ಯುಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದರು. ಅದು ದೂರದ ಕಂಪ್ಯೂಟರಿನ ಜೊತೆಗಿನ ಮಾತನ್ನೆಲ್ಲ ಗುಟ್ಟಿನ ಸಂಕೇತಕ್ಕೆ ತಿರುಗಿಸಿ ಕಳಿಸುತ್ತದೆ. ಸರ್ವರಿನಲ್ಲಿ ಎಫ್‌ಟಿಪಿಯ ಬಾಗಿಲು (ಪೋರ್ಟ್) ಸಂಖ್ಯೆ 21, ದೂರದಿಂದ ಲಾಗಿನ್ ಆಗಲು ಬಳಸುತ್ತಿದ್ದ ಹಳೆಯ ಟೆಲ್ನೆಟ್‌ದು 23. ಎಸ್‌ಎಸ್‌ಎಚ್‌ಗೆ ಸಿಕ್ಕಿದ್ದು 22. ಇಬ್ಬರನ್ನೂ ಮನೆಗೆ ಕಳಿಸಲು ಬಂದವನು ಇಬ್ಬರ ನಡುವೆಯೇ ಕುರ್ಚಿ ಹಾಕಿಕೊಂಡು ಕೂತ.

ಎಸ್‌ಎಸ್‌ಎಚ್ ಬಂದ ಮೇಲೆ ಎಡಿಟರ್‌ಗಳು ಒಂದು ಉಪಾಯ ಕಂಡುಕೊಂಡವು. ಇಳಿಸು, ಏರಿಸು ಅನ್ನುವ ಕೆಲಸವನ್ನು ಬಳಸುವವನ ಕಣ್ಣಿಗೆ ಬೀಳದ ಹಾಗೆ ತಾವೇ ಮಾಡಿಕೊಳ್ಳುವುದು. ನಾನು ಈಗ ತೋರಿಸುತ್ತಿರುವುದು ಈಮ್ಯಾಕ್ಸ್ ಎಂಬ ಎಡಿಟರ್. ಇದರೊಳಗೆ ಟ್ರಾಂಪ್ ಅಂತ ಒಂದು ಸವಲತ್ತು ಇದೆ. ಜರ್ಮನಿಯ ಕಾಯ್ ಗ್ರೋಸ್‌ಯೋಹಾನ್ ಎಂಬವರು 1998ರಲ್ಲಿ ಶುರುಮಾಡಿದ್ದು. ಫೈಲ್ ತೆರೆಯುವಾಗ ಮಾಮೂಲಿ ವಿಳಾಸದ ಮುಂದೆ ಸ್ಲ್ಯಾಶ್, ಎಸ್‌ಎಸ್‌ಎಚ್, ಕೋಲನ್, ಸರ್ವರಿನ ಹೆಸರು, ಮತ್ತೊಂದು ಕೋಲನ್ ಹಾಕಿದರೆ ಮುಗಿಯಿತು. ಮುಂದೆ ಟ್ಯಾಬ್ ಒತ್ತಿದರೆ ವರ್ಜೀನಿಯಾದ ಫೋಲ್ಡರ್‌ಗಳ ಹೆಸರು ಇಲ್ಲಿ ತುಂಬಿಕೊಳ್ಳುತ್ತವೆ.

ಇದರ ಒಳಗುಟ್ಟು ನನಗೆ ತುಂಬಾ ಇಷ್ಟ. ಟ್ರಾಂಪ್ ಸರ್ವರಿನಲ್ಲಿ ಏನನ್ನೂ ಹಾಕಿಕೊಳ್ಳಿ ಅಂತ ಕೇಳುವುದಿಲ್ಲ. ನಾವು ನೀವು ಮಾಡುವ ಹಾಗೆ ಲಾಗಿನ್ ಆಗಿ, ಶೆಲ್‌ನಲ್ಲಿ ಆಜ್ಞೆ ಬೆರಳಚ್ಚಿಸಿ, ಬಂದ ಉತ್ತರ ಓದುತ್ತದೆ. ಮನುಷ್ಯನ ವೇಷ ಹಾಕಿದ ಎಡಿಟರ್! ಫೈಲ್ ಬೇಕಾದರೆ ಅದನ್ನು ಬೇಸ್64 ಎಂಬ ಬರಹಕ್ಕೆ ತಿರುಗಿಸಿ, ಅಚ್ಚಾದ ಅಕ್ಷರಗಳನ್ನು ಇಲ್ಲಿ ಮತ್ತೆ ಬಿಡಿಸಿಕೊಳ್ಳುತ್ತದೆ. ಅದರಲ್ಲಿ 3 ಬೈಟ್ ಅಂದರೆ 4 ಅಕ್ಷರ. ನಮ್ಮ ಒಂದೊಂದು ಕನ್ನಡ ಸಂಕೇತವೂ ನಾಲ್ಕು ಇಂಗ್ಲಿಷ್ ಅಕ್ಷರದಷ್ಟು ಜಾಗದ ವೇಷ ತೊಟ್ಟು ಸಮುದ್ರ ದಾಟಿ ಬಂದು ಇಲ್ಲಿ ವೇಷ ಕಳಚುತ್ತದೆ. ಬೈಟು ಮೂರನೇ ಒಂದರಷ್ಟು ಹೆಚ್ಚು ಖರ್ಚು. ಆಗಲಿ ಬಿಡಿ, ಬೈಟು ಅಗ್ಗ ಅಂದೆವಲ್ಲ.

ವಿಮ್ ಬಳಸುವವರಿಗೆ ಇದೇ ಕೆಲಸಕ್ಕೆ ನೆಟ್‌ಆರ್‌ಡಬ್ಲ್ಯು ಇದೆ. ಅಲ್ಲಿ ಸರ್ವರಿನ ಹೆಸರಾದ ಮೇಲೆ ಒಂದು ಸ್ಲ್ಯಾಶ್ ಹಾಕಿದರೆ ನಿಮ್ಮ ಮನೆ ಫೋಲ್ಡರ್, ಎರಡು ಹಾಕಿದರೆ ಡಿಸ್ಕಿನ ಬುಡ. ಇದು ಗೊತ್ತಿಲ್ಲದೆ ಅರ್ಧ ದಿನ ಕಳೆದಿದ್ದೇನೆ, ನೀವು ಕಳೆಯಬೇಡಿ.

ಉಲ್ಟಾ ದಾರಿಯೂ ಒಂದಿದೆ. ನೀವು ಆಗಲೇ ಸರ್ವರಿನೊಳಗೆ ಇದ್ದೀರಿ, ಯಾವುದೋ ಫೋಲ್ಡರ್ ಆಳದಲ್ಲಿ ಒಂದು ಫೈಲ್ ಸಿಕ್ಕಿತು. ಅಲ್ಲಿಂದಲೇ "ಇದನ್ನು ಮನೆಯಲ್ಲಿ ತೆರೆ" ಅನ್ನಬೇಕು. ಮ್ಯಾಕ್‌ನ ಟೆಕ್ಸ್ಟ್‌ಮೇಟ್ ಎಡಿಟರ್‌ನವರು ಇದಕ್ಕೆ ಆರ್‌ಮೇಟ್ ಮಾಡಿದರು. ಎಸ್‌ಎಸ್‌ಎಚ್ ಕೊಳವೆಯೊಳಗೆ 52698 ಎಂಬ ಬಾಗಿಲನ್ನು ಹಿಂದಕ್ಕೆ ತೆರೆದಿಟ್ಟರೆ, ಸರ್ವರಿನಲ್ಲಿ ಆಜ್ಞೆ ಕೊಟ್ಟ ಕೂಡಲೇ ಫೈಲ್ ನಿಮ್ಮ ಮೇಜಿನ ಎಡಿಟರ್‌ನಲ್ಲಿ ಬಂದು ಕೂರುತ್ತದೆ. ಸಬ್ಲೈಮ್, ವಿಎಸ್ ಕೋಡ್‌ಗಳಿಗೂ ಇದರ ಜೊತೆ ಮಾತಾಡುವ ಪ್ಲಗಿನ್‌ಗಳಿವೆ. ಹತ್ತಾರು ಜನ ಹಂಚಿಕೊಂಡ ಸರ್ವರ್ ಆದರೆ ಜೋಪಾನ. ಆ ಬಾಗಿಲನ್ನು ಅಲ್ಲಿರುವ ಇನ್ನೊಬ್ಬರೂ ತಟ್ಟಬಹುದು.

ಎಸ್‌ಎಸ್‌ಎಚ್‌ಎಫ್‌ಎಸ್ ಬಗ್ಗೆ ಬೆಳಗ್ಗೆಯೇ ಒಬ್ಬರು ಕೇಳಿದರು. ಸರ್ವರಿನ ಫೋಲ್ಡರನ್ನು ನಿಮ್ಮದೇ ಫೋಲ್ಡರ್ ಅನ್ನುವ ಹಾಗೆ ಅಂಟಿಸುತ್ತದೆ. ಯಾವ ಎಡಿಟರ್ ಬೇಕಾದರೂ ಬಳಸಬಹುದು, ಎಡಿಟರ್‌ಗೆ ವಿಷಯವೇ ಗೊತ್ತಾಗುವುದಿಲ್ಲ. ತೊಂದರೆ ಇರುವುದೂ ಅಲ್ಲೇ. ಗೊತ್ತಿಲ್ಲದ ಎಡಿಟರ್ ಡಿಸ್ಕ್ ಪಕ್ಕದಲ್ಲೇ ಇದೆ ಅಂದುಕೊಂಡು ಸಿಕ್ಕಾಪಟ್ಟೆ ಪ್ರಶ್ನೆ ಕೇಳುತ್ತದೆ. ಈ ಫೈಲ್ ಬದಲಾಯಿತಾ? ಆ ಫೈಲ್? 5 ಸಾವಿರ ಫೈಲ್ ಇರುವ ಪ್ರಾಜೆಕ್ಟ್‌ನಲ್ಲಿ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಏನೇನು ಬದಲಾಗಿದೆ ಅಂತ ಕೇಳುವ ಗಿಟ್ ಸ್ಟೇಟಸ್ ಆಜ್ಞೆ ಕೊಟ್ಟಿರಿ ಅನ್ನಿ. ಫೈಲಿಗೊಂದರಂತೆ ಒಂದಾದ ಮೇಲೊಂದು ಪ್ರಶ್ನೆ, ಒಂದೊಂದಕ್ಕೆ 230 ಮಿಲಿಸೆಕೆಂಡ್. ಹಳೆಯ ಉತ್ತರವನ್ನು ಜ್ಞಾಪಕ ಇಟ್ಟುಕೊಳ್ಳದೇ ಹೋದರೆ 19 ನಿಮಿಷ! ಒಂದೆರಡು ಫೈಲ್ ತಿದ್ದಲು ಎಸ್‌ಎಸ್‌ಎಚ್‌ಎಫ್‌ಎಸ್ ಚಿನ್ನ. ಇಡೀ ಪ್ರಾಜೆಕ್ಟ್ ತೆರೆಯಲು ಬೇಡ.

ಇಲ್ಲಿಗೆ 2019ರಲ್ಲಿ ವಿಎಸ್ ಕೋಡ್‌ನವರು ಬಂದರು. ಅವರು ಎಡಿಟರನ್ನೇ ಎರಡು ಹೋಳು ಮಾಡಿದರು. ಕೀಲಿ, ಪರದೆ, ಬಣ್ಣ ಇಲ್ಲಿ. ಫೈಲ್ ಓದುವುದು, ಹುಡುಕುವುದು, ಕೋಡನ್ನು ಅರ್ಥ ಮಾಡಿಕೊಳ್ಳುವುದು ಅಲ್ಲಿ. ಮೊದಲ ಸಲ ಸೇರಿದಾಗ ಸರ್ವರಿನಲ್ಲಿ ತನ್ನದೊಂದು ತುಂಡನ್ನು ಇಟ್ಟುಕೊಳ್ಳುತ್ತದೆ. ಆ 5 ಸಾವಿರ ಪ್ರಶ್ನೆಗಳನ್ನು ಆ ತುಂಡು ಅಲ್ಲೇ ಕೇಳಿ, ಅಲ್ಲೇ ಉತ್ತರ ಪಡೆದು, ನಿಮಗೆ ಸಾರಾಂಶ ಕಳಿಸುತ್ತದೆ. ಒಂದೇ ಸುತ್ತು. ನೀವು ಒತ್ತಿದ ಅಕ್ಷರ ಮಾತ್ರ ಇಲ್ಲೇ, ತಕ್ಷಣ, ಒತ್ತಕ್ಷರ ಸಮೇತ ಮೂಡುತ್ತದೆ.

ಹೊಟ್ಟೆಬಾಕತನ ಸ್ವಲ್ಪ ಜಾಸ್ತಿ. ಸರ್ವರಿನಲ್ಲಿ ಕಮ್ಮಿ ಅಂದರೂ 1 ಜಿಬಿ ಮೆಮೊರಿ ಬೇಕು, 2 ಜಿಬಿ ಇದ್ದರೆ ಒಳ್ಳೆಯದು ಅಂತ ಅವರೇ ಹೇಳುತ್ತಾರೆ. ಇದನ್ನು ಓದದೆ ಅರ್ಧ ಜಿಬಿಯ ಪುಟ್ಟ ಸರ್ವರಿಗೆ ನಾನು ಸೇರಿಸಿದೆ. ಎರಡು ನಿಮಿಷದಲ್ಲಿ ಮೆಮೊರಿ ತುಂಬಿತು. ಲಿನಕ್ಸ್ ಓಡುತ್ತಿದ್ದ ಪ್ರೋಗ್ರಾಂಗಳಲ್ಲಿ ದಪ್ಪಗಿದ್ದವರನ್ನು ಹುಡುಕಿ ಹೊರಗೆ ಹಾಕಿತು. ಸಿಕ್ಕಿದ್ದು ಡೇಟಾಬೇಸ್. ಒಂದು ಅಲ್ಪವಿರಾಮ ಸೇರಿಸಲು ಹೋಗಿ ಸೈಟನ್ನೇ ಮಲಗಿಸಿದೆ. ಆಮೇಲಿಂದ ಸಣ್ಣ ಸರ್ವರಿಗೆ ಟ್ರಾಂಪ್, ದೊಡ್ಡದಕ್ಕೆ ವಿಎಸ್ ಕೋಡ್ ಅಂತ ಇಟ್ಟುಕೊಂಡಿದ್ದೇನೆ.

ಯಾವುದನ್ನೇ ಬಳಸಿ, ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲಿನಲ್ಲಿ ಕಂಟ್ರೋಲ್‌ಮಾಸ್ಟರ್, ಕಂಟ್ರೋಲ್‌ಪಾತ್, ಕಂಟ್ರೋಲ್‌ಪರ್ಸಿಸ್ಟ್ ಅಂತ ಮೂರು ಸಾಲು ಹಾಕಬಹುದು, ಓದಿಕೊಳ್ಳಿ. ಹೊಸದಾಗಿ ಸೇರುವಾಗ ಹಲವು ಸುತ್ತು ಮಾತುಕತೆ ಆಗುತ್ತದೆ. ಕೀಲಿ ತೋರಿಸು, ಗುರುತು ಹೇಳು, ಹೀಗೆ. ಪ್ರತಿ ಸಲ ಉಳಿಸಿದಾಗಲೂ ಅದೆಲ್ಲ ಮತ್ತೆ ಬೇಡ. ಒಮ್ಮೆ ತೆರೆದ ಬಾಗಿಲನ್ನು ಹತ್ತು ನಿಮಿಷ ಓರೆ ಮಾಡಿ ಇಡು ಅಂತ ಹೇಳಬಹುದು. ನನಗೆ ತೆರೆಯಲು, ಉಳಿಸಲು ಹಿಡಿಯುತ್ತಿದ್ದ ಸಮಯ ಅರ್ಧಕ್ಕಿಂತ ಕಮ್ಮಿಯಾಯಿತು. ಸುಮ್ನೆ ಮೂರು ಸಾಲು ಬರೆದದ್ದಕ್ಕೆ!

ಆಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗ ಕೇಳಿದ: "ಸರ್ವರಿನಲ್ಲಿ ನೇರವಾಗಿ ತಿದ್ದೋದೇ ತಪ್ಪಲ್ವಾ ಸರ್? ಗಿಟ್ ಇದೆಯಲ್ಲ?" ಒಳ್ಳೆಯ ಪ್ರಶ್ನೆ. ಹತ್ತು ಜನ ಸೇರಿ ಬರೆಯುವ ಕೋಡ್ ಆದರೆ ಖಂಡಿತ ತಪ್ಪು. ಮನೆಯಲ್ಲಿ ತಿದ್ದಿ, ಪರೀಕ್ಷೆ ಮಾಡಿ, ಗಿಟ್ ಮೂಲಕ ಕಳಿಸಿ. ಆದರೆ ಸರ್ವರಿನ ಸೆಟ್ಟಿಂಗ್, ಅಲ್ಲಿ ಮಾತ್ರ ಇರುವ ದೊಡ್ಡ ಡೇಟಾ, ಅಲ್ಲಿ ಮಾತ್ರ ಓಡುವ ಪ್ರಯೋಗ, ಇವಕ್ಕೆ ಬೇರೆ ದಾರಿ ಇಲ್ಲ. ನನ್ನ ಪ್ರಕಾರ ಆಗಲೂ ಫೈಲಿನ ಒಂದು ನಕಲು ಪಕ್ಕದಲ್ಲಿ ಇಟ್ಟುಕೊಂಡೇ ಕೈ ಹಾಕಬೇಕು.

"ಬಸ್ಸಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡಿದರೆ?" ಅಂತ ಇನ್ನೊಬ್ಬರು ಕೇಳಿದರು. ಫೈಲನ್ನು ಪೂರ್ತಿ ಇಳಿಸಿಕೊಂಡ ಎಡಿಟರ್‌ಗೆ ಅದರಿಂದ ಏನೂ ಆಗುವುದಿಲ್ಲ, ಉಳಿಸುವಾಗ ಸಿಗ್ನಲ್ ಇದ್ದರೆ ಸಾಕು. ಟರ್ಮಿನಲ್ಲೇ ಬೇಕು ಅಂದರೆ 2012ರಲ್ಲಿ ಎಂಐಟಿಯವರು ತಂದ ಮೋಶ್ ಇದೆ. ನೀವು ಒತ್ತಿದ ಅಕ್ಷರವನ್ನು ಸರ್ವರ್ ಹೀಗೇ ತೋರಿಸಬಹುದು ಅಂತ ಊಹಿಸಿ ಮೊದಲೇ ತೋರಿಸುತ್ತದೆ. ತಂತಿ ನಿಧಾನವಾಗಿದ್ದರೆ ಊಹೆಗೆ ಅಡಿಗೆರೆ ಎಳೆಯುತ್ತದೆ, ಉತ್ತರ ಬಂದ ಮೇಲೆ ಗೆರೆ ಅಳಿಸುತ್ತದೆ. ಆದರೆ ಚೌಕಳಿ ಹಾಳೆ ಚೌಕಳಿ ಹಾಳೆಯೇ. ನಮ್ಮ ಒತ್ತಕ್ಷರಕ್ಕೆ ಅದರಿಂದ ಉಪಯೋಗ ಇಲ್ಲ.

ಮುಗಿಸುವ ಮೊದಲು ಆ ಒಂದು ಬಿಟ್ ತಿರುಗಿಸಿಬಿಡೋಣ ಅಂದೆ. ಅಷ್ಟರಲ್ಲಿ ಕಾಲೇಜಿನ ವೈಫೈ ಹೋಗಿತ್ತು. ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿದೆ. ಒತ್ತನ್ನು ಅಳಿಸಿ ಥಕಾರ ಒತ್ತಿದೆ. "ಸಂಸ್ಥೆ" ಪರದೆಯ ಮೇಲೆ ಸರಿಯಾಗಿ ಕೂತಿತು. ಉಳಿಸಲು ಹೇಳಿದೆ. ಈಮ್ಯಾಕ್ಸ್ ಕಲ್ಲಾಯಿತು. ಟ್ರಾಂಪ್ ಉತ್ತರಕ್ಕೆ ಕಾಯುವಾಗ ಇಡೀ ಎಡಿಟರ್ ಕಾಯುತ್ತದೆ, ಇದು ಅದರ ಹಳೆಯ ಚಾಳಿ. ಒಂದು, ಎರಡು, ಮೂರು ಅಂತ ಹುಡುಗರು ಎಣಿಸಲು ಶುರುಮಾಡಿದರು. ಒಂಬತ್ತಕ್ಕೆ ಕೆಳಗಿನ ಪಟ್ಟಿಯಲ್ಲಿ "ಬರೆದಾಯಿತು" ಅಂತ ಬಂತು. ಚಪ್ಪಾಳೆಯೂ ಬಂತು.

ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟದೆ ಪರದೆಯನ್ನೇ ನೋಡುತ್ತಿದ್ದಳು. "ಸರ್, ನಾಲ್ಕನೇ ಸಾಲಿನಲ್ಲೂ ಸಂಸ್ತೆ ಅಂತಾನೇ ಇದೆ" ಅಂದಳು.